ಅತ್ತೆ ಬಿದ್ದದ್ದನ್ನು ಸಿಸ್ಟರ್‌ಗೆ ಹೇಳದೆ ತಪ್ಪು ಮಾಡಿದೆನಾ?

ಪ್ರಶ್ನೆ:
ನಮಸ್ತೆ ಸಿಸ್ಟರ್. ನಮ್ಮತ್ತೆಗೆ 71 ವರ್ಷ, ಶುಗರ್ ಇದೆ. ಕಾಲು ಊದಿಕೊಂಡಿದೆ ಅಂತ ಆಸ್ಪತ್ರೆಗೆ ಸೇರಿಸಿದ್ದೇವೆ. ಕೈಗೆ ಡ್ರಿಪ್ ಸೂಜಿ ಹಾಕಿದ್ದಾರೆ. ನಿನ್ನೆ ರಾತ್ರಿ ಎರಡೂವರೆಗೆ ಒಬ್ಬರೇ ಬಾತ್‌ರೂಮಿಗೆ ಎದ್ದು ಹೋಗಿ, ಬಾಗಿಲ ಹತ್ತಿರ ಜಾರಿ ಕುಸಿದರು. ನಾನು ಪಕ್ಕದಲ್ಲೇ ನಿದ್ದೆ ಹೋಗಿದ್ದೆ. ಬೈತಾರೆ ಅಂತ ಹೆದರಿ ನಾನೇ ಎತ್ತಿ ಮಲಗಿಸಿದೆ, ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಹೇಳಿದಾಗ ಸಿಸ್ಟರ್ ಒಂದು ಫಾರಂ ತುಂಬಿದರು. ಅದು ನಮ್ಮ ಮೇಲೆ ಕಂಪ್ಲೇಂಟಾ?

ಉತ್ತರ (ವಾರ್ಡ್ ಇನ್‌ಚಾರ್ಜ್ ನರ್ಸ್):
ಮೊದಲು ಅತ್ತೆಯ ವಿಷಯ. ತಲೆಗೆ ತಾಗಿತ್ತಾ ಅಂತ ಇನ್ನೊಮ್ಮೆ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಈಗಲೇ ಹೇಳಿ. ತಲೆಯೊಳಗೆ ರಕ್ತ ಸೋರಿದರೆ ಕೆಲವೊಮ್ಮೆ ದಿನಗಳಾದ ಮೇಲೆ ಗೊತ್ತಾಗುತ್ತದೆ. ತಲೆನೋವು, ವಾಂತಿ, ಮಂಪರು ಕಂಡರೆ ತಡಮಾಡಬೇಡಿ. ಇನ್ನು ಮುಂದೆ ಯಾರೇ ಬಿದ್ದರೂ ಎತ್ತುವ ಮೊದಲು ಬೆಲ್ ಒತ್ತಿ. ಸೊಂಟದ ಮೂಳೆ ಮುರಿದಿದ್ದರೆ, ಎತ್ತುವಾಗ ಇನ್ನಷ್ಟು ಜರುಗುತ್ತದೆ.

ಫಾರಂ ಕಂಪ್ಲೇಂಟ್ ಅಲ್ಲಮ್ಮ, ಹೆದರಬೇಡಿ. ಪೆಟ್ಟಾಗದಿದ್ದರೂ ನಾವು ಬರೆಯುತ್ತೇವೆ. ಎಷ್ಟು ಹೊತ್ತಿಗೆ, ಎಲ್ಲಿ, ನೆಲ ಒದ್ದೆ ಇತ್ತಾ, ಲೈಟ್ ಇತ್ತಾ, ಚಪ್ಪಲಿ ಹಾಕಿದ್ದರಾ, ರಾತ್ರಿ ಯಾವ ಮಾತ್ರೆ ಕೊಟ್ಟಿದ್ದೆವು, ಇಂಥದ್ದೇ ಅದರಲ್ಲಿ ಇರುವುದು. ಕಾಲೂತಕ್ಕೆ ಸಾಮಾನ್ಯವಾಗಿ ಮೂತ್ರ ಹೆಚ್ಚಿಸುವ ಮಾತ್ರೆ ಕೊಡುತ್ತಾರೆ. ಅದನ್ನು ರಾತ್ರಿ ಕೊಟ್ಟಿದ್ದರೆ ನಡುರಾತ್ರಿ ಏಳಲೇಬೇಕಾಗುತ್ತದೆ. ದಡಕ್ಕನೆ ಎದ್ದರೆ ಬಿಪಿ ಇಳಿದು ತಲೆ ಸುತ್ತುತ್ತದೆ. ವರದಿ ನೋಡಿದ ಡಾಕ್ಟರ್ ಆ ಮಾತ್ರೆಯ ಹೊತ್ತು ಬದಲಿಸಬಹುದು. ನಿಮ್ಮ ನಿದ್ದೆಯಿಂದಲೇ ಎಲ್ಲ ಆಯಿತು ಅಂತ ಕೊರಗಬೇಡಿ.

ಇನ್ನೊಂದು ಲೆಕ್ಕ ಇದೆ. ಬೀಳುವ ಅಪಾಯ ಅಳೆಯಲು ಬಹಳ ಆಸ್ಪತ್ರೆಗಳು ಮೋರ್ಸ್ ಸ್ಕೇಲ್ ಬಳಸುತ್ತವೆ. ಒಂದಕ್ಕಿಂತ ಹೆಚ್ಚು ಕಾಯಿಲೆಗೆ 15 ಅಂಕ, ಡ್ರಿಪ್ ಸೂಜಿಗೆ 20. ಹಿಂದಿನ ಮೂರು ತಿಂಗಳಲ್ಲಿ ಬಿದ್ದಿದ್ದರೆ 25. ನಡಿಗೆಯ ಅಂಕ ಬಿಟ್ಟರೂ ಅತ್ತೆಗೆ ನಿನ್ನೆ 35 ಇದ್ದದ್ದು ಇವತ್ತು 60. ನೀವು ಹೇಳದೇ ಇದ್ದಿದ್ದರೆ ನಮ್ಮ ಕಾಗದದಲ್ಲಿ 35 ಆಗಿಯೇ ಉಳಿಯುತ್ತಿತ್ತು, ಇವತ್ತು ರಾತ್ರಿಯೂ ಯಾರೂ ಅವರನ್ನು ಹೆಚ್ಚಿಗೆ ಗಮನಿಸುತ್ತಿರಲಿಲ್ಲ.

ಇನ್ನೊಬ್ಬರ ಪ್ರಶ್ನೆ:
ನಾನೂ ಸ್ಟಾಫ್ ನರ್ಸ್, ಮೇಡಂ. ನಮ್ಮಲ್ಲಿ ಫಾರಂ ತುಂಬಿದವರಿಗೇ ಮೆಮೊ ಕೊಡುತ್ತಾರೆ. ಹಾಗಾಗಿ ಯಾರೂ ಬರೆಯುವುದಿಲ್ಲ. ಪ್ರತಿ ತಿಂಗಳೂ ಸೊನ್ನೆ.

ಉತ್ತರ:
ಆ ಸೊನ್ನೆ ಕೇಳಿದರೆ ನನಗೆ ಭಯ ಆಗುತ್ತದೆ. ಬಿದ್ದವರ ಲೆಕ್ಕವನ್ನು ಸಾವಿರ ರೋಗಿ-ದಿನಕ್ಕೆ ಎಷ್ಟು ಅಂತ ಹಾಕುತ್ತೇವೆ. 30 ಹಾಸಿಗೆಯ ವಾರ್ಡ್ ತಿಂಗಳಿಡೀ ತುಂಬಿದ್ದರೆ 900 ರೋಗಿ-ದಿನ. ವಯಸ್ಸಾದವರೇ ಜಾಸ್ತಿ ಇರುವ ಕಡೆ, ತಿಂಗಳುಗಟ್ಟಲೆ ಒಬ್ಬರೂ ಬೀಳಲಿಲ್ಲ ಅಂದರೆ ನಾನು ನಂಬುವುದಿಲ್ಲ. ಪ್ರಾಮಾಣಿಕವಾಗಿ ಬರೆಯಲು ಶುರು ಮಾಡಿದಾಗ ಸಂಖ್ಯೆ ಮೊದಲು ಏರುತ್ತದೆ. ಆಗ ಮೆಮೊ ಕೊಟ್ಟರೆ ಎಲ್ಲರೂ ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಾರೆ. ನಿಮ್ಮದು ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆ ಇರುವ ಆಸ್ಪತ್ರೆಯಾದರೆ, ಇಂಥ ಘಟನೆ ದಾಖಲಿಸುವುದು ಆ ಮಂಡಳಿಯ ನಿಯಮವೇ. ಕ್ವಾಲಿಟಿ ವಿಭಾಗದವರ ಹತ್ತಿರ ಇಬ್ಬರು ಮೂವರು ಸೇರಿ ಮಾತಾಡಿ.

ನೀವು ಮಾತ್ರ ಕೇಸ್ ಶೀಟಿನಲ್ಲಿ ಕಂಡಷ್ಟನ್ನು ಬರೆಯುವುದು ಬಿಡಬೇಡಿ. ಬಿದ್ದದ್ದನ್ನು ನೋಡಿಲ್ಲವಾದರೆ "ನೆಲದ ಮೇಲೆ ಕೂತಿದ್ದರು, ಕಾಲು ಜಾರಿತು ಎಂದು ರೋಗಿ ಹೇಳಿದರು" ಅಂತ ಬರೆಯಿರಿ. ಬಿಪಿ, ಪಲ್ಸ್, ಪ್ರಜ್ಞೆ ಹೇಗಿತ್ತು, ಡಾಕ್ಟರಿಗೆ ಎಷ್ಟು ಗಂಟೆಗೆ ಹೇಳಿದಿರಿ, ಅವರು ಎಷ್ಟು ಗಂಟೆಗೆ ಬಂದು ನೋಡಿದರು, ಎಲ್ಲವೂ ಇರಲಿ.