ಪ್ರಾಕ್ಸಿ ಚೀಟಿ ಸೇರಿಸಿ ಕೋರಂ ಲೆಕ್ಕ ಹಾಕಬಹುದಾ? ಅನುಭವ ಇದ್ದವರು ಹೇಳಿ

ನಮ್ಮದು ಬೆಂಗಳೂರಿನಲ್ಲಿ 64 ಮನೆಗಳ ಅಪಾರ್ಟ್‌ಮೆಂಟ್. ಕಳೆದ ಭಾನುವಾರ ಅಸೋಸಿಯೇಷನ್ ಕಮಿಟಿಗೆ ಚುನಾವಣೆ ಇತ್ತು. ಸಭೆಗೆ ಬಂದಿದ್ದು 23 ಮನೆಯವರು. ಸೆಕ್ರೆಟರಿ ಜೇಬಿನಿಂದ 14 ಪ್ರಾಕ್ಸಿ ಚೀಟಿ (ಬಾರದವರು ತಮ್ಮ ಪರವಾಗಿ ಬೇರೆಯವರು ಓಟು ಹಾಕಲಿ ಎಂದು ಬರೆದುಕೊಟ್ಟದ್ದು) ತೆಗೆದು, ‘ಕೋರಂ ಆಯ್ತು’, ಅಂದರೆ ಸಭೆ ನಡೆಸಲು ಬೇಕಾದಷ್ಟು ಹಾಜರಿ ಆಯ್ತು, ಎಂದರು. ಕೈ ಎತ್ತಿಸಿ ಎಣಿಸಿದರು, ಹಳೇ ಕಮಿಟಿಯೇ ಗೆದ್ದಿತು. ಇದು ಸರಿಯಾ? ಏನು ಮಾಡಬೇಕು?

ಉತ್ತರ 1

ಜಗಳಕ್ಕೆ ಇಳಿಯುವ ಮೊದಲು ರಿಜಿಸ್ಟ್ರೇಷನ್ ಕಾಗದ ತೆಗೆದು ನೋಡಿ ಸಾರ್. ನಾವು ಇದನ್ನು ಮಾಡದೆ ನಾಲ್ಕು ತಿಂಗಳು ಸುಮ್ನೆ ಕಿತ್ತಾಡಿದೆವು. ಒಬ್ಬರು ಸಹಕಾರ ಸಂಘದ ನಿಯಮ ಓದುತ್ತಿದ್ದರು, ಇನ್ನೊಬ್ಬರು ಕಂಪನಿ ನಿಯಮ. ನಮ್ಮದು ಎರಡೂ ಅಲ್ಲ!

ಕರ್ನಾಟಕದಲ್ಲಿ ಸಾಮಾನ್ಯವಾಗಿ ಮೂರು ದಾರಿ. 1959ರ ಸಹಕಾರ ಸಂಘಗಳ ಕಾಯ್ದೆಯಡಿ ಇದ್ದರೆ ಒಬ್ಬ ಸದಸ್ಯನಿಗೆ ಒಂದೇ ಓಟು, ಅದನ್ನೂ ಖುದ್ದಾಗಿ ಬಂದೇ ಹಾಕಬೇಕು. 1960ರ ಸಂಘಗಳ ನೋಂದಣಿ ಕಾಯ್ದೆಯಾದರೆ ನಿಮ್ಮ ಬೈಲಾದಲ್ಲಿ (ಸಂಘದ ಒಳನಿಯಮಗಳಲ್ಲಿ) ಪ್ರಾಕ್ಸಿ, ಕೋರಂ ಬಗ್ಗೆ ಏನು ಬರೆದಿದೆ ಎನ್ನುವುದೇ ಮುಖ್ಯ. 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ಎಣಿಸುವುದು ತಲೆಯನ್ನಲ್ಲ, ಡಿಕ್ಲರೇಷನ್ ಪತ್ರದಲ್ಲಿ ಪ್ರತಿ ಮನೆಗೆ ಬರೆದ ಶೇಕಡಾವಾರು ಪಾಲನ್ನು. ಬಹುಮತ ಎಂದರೆ ಶೇ. 51 ಅಥವಾ ಹೆಚ್ಚು. ದೊಡ್ಡ ಮನೆಯ ಪಾಲು ದೊಡ್ಡದಿದ್ದರೆ ಅವರ ಓಟಿನ ತೂಕವೂ ಜಾಸ್ತಿ. ಹಾಗಿರುವಾಗ ಕೈ ಎತ್ತಿಸಿ ಎಣಿಸಿದರೆ ಏನು ಗೊತ್ತಾಗುತ್ತದೆ ಹೇಳಿ?

ಉತ್ತರ 2

ನಮ್ಮಲ್ಲಿ ತಕರಾರು ಬಂದದ್ದು ಜಂಟಿ ಹೆಸರಿನ ಮನೆಗಳಿಂದ. ಗಂಡನೂ ಕೈ ಎತ್ತಿದರು, ಹೆಂಡತಿಯೂ ಎತ್ತಿದರು. ಈಗ ಬಾಗಿಲಲ್ಲೇ ಸಹಿ ಹಾಕಿಸಿ, ಮನೆಗೆ ಒಂದೇ ಚೀಟಿ ಕೊಡುತ್ತೇವೆ. ಮೇಂಟೆನೆನ್ಸ್ ಬಾಕಿ ಇದ್ದವರು ಓಟು ಹಾಕಬಹುದಾ ಎನ್ನುವುದನ್ನೂ ಬೈಲಾ ನೋಡಿ ನೋಟಿಸಿನಲ್ಲೇ ಬರೆಯುತ್ತೇವೆ. ಒಮ್ಮೆ ಸಭೆಯ ನಡುವೆ ಒಬ್ಬ ಹಿರಿಯರನ್ನು ‘ನೀವು ಬಾಕಿದಾರರು, ಕೂತ್ಕೊಳ್ಳಿ’ ಎಂದುಬಿಟ್ಟಿದ್ದರು. ಅವರು ಇವತ್ತಿಗೂ ಲಿಫ್ಟಿನಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ.

ಉತ್ತರ 3

ಬಾಯಿಮಾತಿನ ಆಕ್ಷೇಪಣೆ ನಂಬಬೇಡಿ. ನಾನು ಅರ್ಧ ಗಂಟೆ ಕೂಗಾಡಿದ್ದೆ. ಸಭೆಯ ನಡಾವಳಿ, ಅಂದರೆ ಮಿನಿಟ್ಸ್, ಬಂದಾಗ ‘ಸರ್ವಾನುಮತದಿಂದ ಒಪ್ಪಲಾಯಿತು’ ಎಂದಿತ್ತು! ಕೂಡಲೇ ಪತ್ರ ಬರೆದುಕೊಡಿ, ಒಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ಪ್ರಾಕ್ಸಿ ಚೀಟಿಗಳನ್ನೂ ಹಾಜರಿ ಪುಸ್ತಕವನ್ನೂ ತೋರಿಸಿ ಎಂದು ಅದರಲ್ಲೇ ಕೇಳಿ. 1960ರ ಕಾಯ್ದೆಯಡಿ ಇದ್ದರೆ ಮೂರನೇ ಒಂದು ಭಾಗ ಸದಸ್ಯರು ಸೇರಿ ರಿಜಿಸ್ಟ್ರಾರ್ ಹತ್ತಿರ ವಿಚಾರಣೆ ಕೇಳಬಹುದು, ಅದು 25ನೇ ಸೆಕ್ಷನ್. ಮನೆಗೊಬ್ಬ ಸದಸ್ಯ ಎಂದರೆ ನಿಮಗೆ 22 ಸಹಿ ಬೇಕು. ಅದು ಕೊನೆಯ ದಾರಿ. ಮೊದಲು ವಿಶೇಷ ಸಭೆ ಕರೆಯಿರಿ ಎಂದು ಕೇಳಿ ನೋಡಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ರಿಜಿಸ್ಟ್ರೇಷನ್ ಕಾಗದ ಸೇಲ್ ಡೀಡ್ ಜೊತೆ ಬೀರುವಿನಲ್ಲೇ ಇತ್ತು, ನಮ್ಮದು 1972ರ ಕಾಯ್ದೆಯದ್ದು. ಬೈಲಾದಲ್ಲಿ ‘ಓಟನ್ನು ಖುದ್ದಾಗಿ ಹಾಕಬೇಕು’ ಎಂದು ಸ್ಪಷ್ಟವಾಗಿದೆ. ಬಂದವರ ಪಾಲು ಕೂಡಿಸಿದರೆ ಶೇ. 40 ಕೂಡ ದಾಟುವುದಿಲ್ಲ. ಪತ್ರ ಬರೆದಿಟ್ಟಿದ್ದೇನೆ. ಸೆಕ್ರೆಟರಿ ನಮ್ಮ ಎದುರು ಮನೆಯವರು, ಬೆಳಿಗ್ಗೆ ಹಾಲು ತರುವಾಗ ದಿನಾ ಸಿಗುತ್ತಾರೆ. ನಾಳೆ ಕೊಡುತ್ತೇನೆ.