ಪದಚರ್ಚೆ: ‘ಡೋಸ್’ಗೆ ಏನು ಬರೀಲಿ? ನಾಳೆ ಪ್ರಿಂಟ್‌ಗೆ ಹೋಗ್ಬೇಕು

ಚಿಂತಾಮಣಿಯಿಂದ:
ನಮಸ್ಕಾರ. ಒಬ್ರು ಡಾಕ್ಟ್ರ ಕ್ಲಿನಿಕ್ಕಿಗೆ ಗೋಡೆ ಚಾರ್ಟ್ ಕನ್ನಡ ಮಾಡಿಕೊಡ್ತಿದೀನಿ, ಫ್ಲೂಗೆ ಕೊಡೋ ಒಸೆಲ್ಟಾಮಿವಿರ್ ಬಗ್ಗೆ. ದೊಡ್ಡೋರಿಗೆ 75 ಮಿ.ಗ್ರಾಂ ದಿನಕ್ಕೆ ಎರಡು ಸಲ 5 ದಿನ, ವರ್ಷ ದಾಟಿದ ಮಕ್ಕಳಿಗೆ ತೂಕ ನೋಡಿ, 15 ಕೆ.ಜಿ.ವರೆಗೆ 30, 23ರವರೆಗೆ 45, 40ರವರೆಗೆ 60, ಅದಕ್ಕೂ ಜಾಸ್ತಿ ಇದ್ರೆ ದೊಡ್ಡೋರ ಲೆಕ್ಕವೇ. ತಲೆನೋವು ಏನಂದ್ರೆ ‘ಡೋಸ್’. ‘ಪ್ರಮಾಣ 75 ಮಿ.ಗ್ರಾಂ, ದಿನಕ್ಕೆ 2 ಬಾರಿ’ ಅಂತ ಬರೆದು ಅಮ್ಮಂಗೆ ಓದ್ಸಿದೆ, ಎಪ್ಪತ್ತೈದನ್ನ ಎರಡು ಭಾಗ ಮಾಡಿ ನುಂಗೋದಾ ಅಂದ್ರು. ಕ್ಯಾಪ್ಸೂಲ್ ಅದು! ಒಂದು ಸಲಕ್ಕೆ ಇಷ್ಟು ಅನ್ನೋದಕ್ಕೆ ಪದ ಇದ್ಯಾ? ನಾಳೆ ಹನ್ನೊಂದರೊಳಗೆ ಬೇಕು.

ಕೋಲಾರದ ಮೇಷ್ಟ್ರು:
ಮಾತ್ರೆ. ಛಂದಸ್ಸಲ್ಲಿ ಲಘುಗೆ ಒಂದು ಗುರುಗೆ ಎರಡು ಅಂತ ಎಣಿಸ್ತೀವಲ್ಲ ಅದೇ, ಅಳತೆ ಅಂತ ಅರ್ಥ. ಗುಳಿಗೆಗೆ ಆ ಹೆಸರು ಕಟ್ಟಿ ನಾವೇ ಹಾಳು ಮಾಡ್ಕೊಂಡ್ವಿ. ಗುಳಿಗೆಗೆ ಗುಳಿಗೆ ಅನ್ನಿ, ಡೋಸ್‌ಗೆ ಮಾತ್ರೆ ಅನ್ನಿ. ಇದರಲ್ಲಿ ಚರ್ಚೆ ಮಾಡೋದು ಏನೂ ಇಲ್ಲ.

ತುಮಕೂರಿಂದ:
ಇದೆ ಸಾರ್. ‘ಎರಡು ಮಾತ್ರೆ’ ಅಂತ ಗೋಡೆ ಮೇಲೆ ಓದಿದೋರು ಎರಡನ್ನೂ ಒಟ್ಟಿಗೆ ನುಂಗ್ತಾರೆ, ಆಗ ನಿಮ್ಮ ಲಘು ಗುರು ಬಂದು ಕಾಪಾಡಲ್ಲ. ಅದಿರ್ಲಿ, ಆಂಟಿವೈರಲ್‌ಗೆ ಏನು ಹಾಕಿದೀರಿ? ಲ್ಯಾಟಿನ್ನಲ್ಲಿ ವೈರಸ್ ಅಂದ್ರೇನೇ ನಂಜು. ‘ನಂಜುತಡೆ’ ಅನ್ನಿ. ‘ವೈರಾಣು ನಿರೋಧಕ’ ಹಾಕಿದ್ರೆ ಇಂಗ್ಲಿಷ್ ಮನೆ ಬಿಟ್ಟು ಸಂಸ್ಕೃತದ ಮನೇಲಿ ಬಾಡಿಗೆಗೆ ಕೂತಂಗೆ.

ಶಿರಾ, ಮೆಡಿಕಲ್ ಸ್ಟೋರಿಂದ:
ನಂಜು ಅಂದ್ರೆ ನಮ್ಮ ಕಡೆ ಗಾಯ ಕೀವಾಗೋದು, ಬದನೆಕಾಯಿ ನಂಜು ಅಂತ ಬಿಡೋದು, ಹುಳ ಮುಟ್ಟಿದ್ದು. ನಂಜುತಡೆ ಅಂತ ಬೋರ್ಡ್ ಹಾಕಿ, ಹಾವು ಕಚ್ಚಿದೋರು ಬಂದು ನಿಲ್ತಾರೆ. ನಾವು ಕೌಂಟರಲ್ಲಿ ಹೇಳೋದು ಹೊತ್ತು: ಹೊತ್ತಿಗೊಂದು, ದಿನಕ್ಕೆ ಎರಡು ಹೊತ್ತು, ಊಟ ಆದ್ಮೇಲೆ, ಖಾಲಿ ಹೊಟ್ಟೇಲಿ ಕೆಲವರಿಗೆ ವಾಂತಿ ಬರ್ತೈತೆ. ಇನ್ನೊಂದು, ಸಿರಪ್‌ಗೆ ‘ಚಮಚ’ ಅಂತ ಬರೀಲೇಬೇಡಿ. ಮಿ.ಲೀ.ಗೆ 6 ಮಿ.ಗ್ರಾಂ ಇರೋದೂ ಐತೆ 12 ಇರೋದೂ ಐತೆ, ಅದೇ 30 ಕೊಡೋಕೆ ಒಂದರಲ್ಲಿ 5 ಮಿ.ಲೀ. ಇನ್ನೊಂದರಲ್ಲಿ ಎರಡೂವರೆ.

ಗೌರಿಬಿದನೂರಿಂದ:
ಹಳೇ ಪದ ‘ಮೋತಾದು’ ಯಾರಿಗೂ ನೆನಪಾಗ್ಲಿಲ್ವಾ? ಅರಬ್ಬಿದು, ಮರಾಠಿ ದಾಟಿ ಬಂತು, ವಾಡಿಕೆಯಷ್ಟು ಅಂತ. ಅರ್ಜಿ ವಕೀಲ ಎಲ್ಲ ಒಳಗೆ ಬಿಟ್ಕೊಂಡು ಡೋಸ್ ಒಂದಕ್ಕೆ ಬಾಗಿಲು ಹಾಕೋದು ಯಾವ ನ್ಯಾಯ? ಕೊರೊನಾದಲ್ಲಿ ಅಜ್ಜಿಯರೇ ‘ಎರಡ್ನೇ ಡೋಸ್ ಆಯ್ತಾ’ ಅಂತಿದ್ರು.

ತುಮಕೂರಿಂದ:
ಡೋಸ್ ಕೊಟ್ರು ಅಂದ್ರೆ ಬೈದ್ರು ಅಂತಾನೂ ಅರ್ಥ. ಬಂದ ಪದ ಎಲ್ಲಾ ಒಳಗೆ ಬಿಟ್ರೆ ಕೊನೆಗೆ ವಿಭಕ್ತಿ ಮಾತ್ರ ಕನ್ನಡ ಉಳಿಯೋದು.

ಚಿಂತಾಮಣಿಯಿಂದ:
ಜಗಳ ಆಮೇಲೆ ಆಡ್ರಪ್ಪ. ‘ಹೊತ್ತು’ ತಗೊಂಡೆ. ‘ಹೊತ್ತಿಗೆ 75 ಮಿ.ಗ್ರಾಂ.’

ಕೋಲಾರದ ಮೇಷ್ಟ್ರು:
ಹೊತ್ತಿಗೆ ಅಂದ್ರೆ ಪುಸ್ತಕ.

ಚಿಂತಾಮಣಿಯಿಂದ:
‘ಪ್ರತಿ ಹೊತ್ತಿಗೂ 75 ಮಿ.ಗ್ರಾಂ, ಬೆಳಿಗ್ಗೆ ಮತ್ತು ರಾತ್ರಿ, 5 ದಿನ. ಜ್ವರ ಶುರುವಾದ 48 ಗಂಟೆಯೊಳಗೆ ಡಾಕ್ಟರಿಗೆ ತೋರಿಸಿ.’ ಆಂಟಿವೈರಲ್ ಅನ್ನೋದನ್ನೇ ತೆಗೆದೆ, ಔಷಧಿ ಹೆಸರು ಸಾಕು. ಪ್ರಿಂಟಿಗೆ ಕಳಿಸಿದೆ.