ಶಸ್ತ್ರಚಿಕಿತ್ಸಾ ಜರ್ನಲ್‌ನ ವೈವಿಧ್ಯ ಸಂಪಾದಕಿ ಹುದ್ದೆ ಒಪ್ಪಿಕೊಳ್ಳಲೇ? ಅನುಭವವಿದ್ದವರು ಹೇಳಿ

ಪ್ರಶ್ನೆ (ಹಾಸನ ಮೂಲ, ಈಗ ಇಂಗ್ಲೆಂಡ್):
ಇಲ್ಲಿಯ ಒಂದು ಶಸ್ತ್ರಚಿಕಿತ್ಸಾ ಜರ್ನಲ್‌ನವರು ‘ವೈವಿಧ್ಯ ಮತ್ತು ಒಳಗೊಳ್ಳುವಿಕೆ’ ಸಂಪಾದಕಿಯಾಗಿ ಬನ್ನಿ ಎಂದು ಕರೆದಿದ್ದಾರೆ. ಸಂಬಳವಿಲ್ಲದ ಗೌರವ ಹುದ್ದೆ. ಪತ್ರದಲ್ಲಿ ಹೊಗಳಿಕೆ ಧಾರಾಳವಾಗಿದೆ, ಕೆಲಸವೇನೆಂದು ಮಾತ್ರ ಬರೆದಿಲ್ಲ. ನಾನು ಕರುಳಿನ ಶಸ್ತ್ರಚಿಕಿತ್ಸಕಿ. ರಾತ್ರಿ ಡ್ಯೂಟಿಗಳಿವೆ, ಮನೆಯಲ್ಲಿ ಚಿಕ್ಕ ಮಗುವಿದೆ. ಈ ಹೊಣೆ ಹೊತ್ತವರು ಇದ್ದೀರಾ?

ಶಿವಮೊಗ್ಗ ಮೂಲ, ಅಮೆರಿಕ:
ಇಂಥದೇ ಹುದ್ದೆಯಲ್ಲಿ ಒಂದು ಅವಧಿ ಮುಗಿಸಿದ್ದೇನೆ. ಒಪ್ಪಿಕೊಳ್ಳಿ, ಆದರೆ ಮೊದಲು ಒಂದು ಮಾತು ಕೇಳಿ: ಲೇಖಕರಿಗೆ ಕೊಡುವ ಸೂಚನೆಗಳನ್ನು ತಿದ್ದುವ ಅಧಿಕಾರ ನನಗಿದೆಯೇ? ಅದಿಲ್ಲದ ಹುದ್ದೆ ಊಟಕ್ಕಿಲ್ಲದ ಉಪ್ಪಿನಕಾಯಿ. ವರ್ಷಕ್ಕೊಂದು ಸಂಪಾದಕೀಯ ಬರೆಯುತ್ತೀರಿ, ಫೋಟೊ ಹಾಕುತ್ತಾರೆ, ಮುಗಿಯಿತು.

ನಿಜವಾದ ಕೆಲಸ ಇರುವುದು ಪ್ರಬಂಧದ ಮೊದಲ ಕೋಷ್ಟಕದಲ್ಲಿ, ಅಂದರೆ ರೋಗಿಗಳು ಯಾರೆಂದು ವಿವರಿಸುವ ಪಟ್ಟಿಯಲ್ಲಿ. ನನ್ನ ಕೈಗೆ ಬರುತ್ತಿದ್ದ ಎಷ್ಟೋ ಪ್ರಬಂಧಗಳಲ್ಲಿ ಜನಾಂಗಕ್ಕೆ ಎರಡೇ ಸಾಲು: ‘ಬಿಳಿಯರು’, ‘ಇತರರು’. ಈ ಇತರರು ಯಾರು? ರೋಗಿಯೇ ಹೇಳಿದ್ದೋ, ನೋಂದಣಿ ಕೌಂಟರಿನ ಗುಮಾಸ್ತರು ಮುಖ ನೋಡಿ ಗುರುತು ಹಾಕಿಕೊಂಡದ್ದೋ? ಕೇಳಿದರೆ ಬಹಳಷ್ಟು ಲೇಖಕರಿಗೇ ಗೊತ್ತಿರುತ್ತಿರಲಿಲ್ಲ. ಆದರೂ ಕೊನೆಯಲ್ಲಿ ‘ಇತರರಲ್ಲಿ ಸೋಂಕು ಹೆಚ್ಚು’ ಎಂದು ಠೀವಿಯಿಂದ ಬರೆದಿರುತ್ತಿದ್ದರು. ಜಾಮಾ (ಅಮೆರಿಕದ ವೈದ್ಯಕೀಯ ಸಂಘದ ಜರ್ನಲ್) ಬಳಗದ ಜರ್ನಲ್‌ಗಳ 2021ರ ಮಾರ್ಗಸೂಚಿ ಇದನ್ನೇ ಹಿಡಿದು ಕೇಳುತ್ತದೆ: ಗುರುತಿಸಿದವರು ಯಾರು, ದಾಖಲಿಸಿದ್ದೇಕೆ, ‘ಇತರರು’ ಎಂದರೆ ಯಾರ್ಯಾರು. ಗುಂಪುಗಳನ್ನು ಅಕಾರಾದಿಯಾಗಿ ಇಡಿ ಎಂದೂ ಹೇಳುತ್ತದೆ. ಇದಕ್ಕೆ ನಮ್ಮ ಹಿರಿಯ ವಿಮರ್ಶಕರೊಬ್ಬರು (ಅಚ್ಚಾಗುವ ಮೊದಲು ಪ್ರಬಂಧ ಪರಿಶೀಲಿಸುವವರು) ನಕ್ಕರು. ಹಾಗಾದರೆ ಬಿಳಿಯರ ಸಾಲು ಸದಾ ಮೇಲೇ ಇರುವುದೇಕೆ ಎಂದು ಕೇಳಿದೆ. ಉತ್ತರ ಬರಲಿಲ್ಲ, ಸೂಚನೆ ಜಾರಿಗೆ ಬಂತು.

ಲಿಂಗದ ವಿಷಯಕ್ಕೆ, ಸಂಶೋಧನೆಯಲ್ಲಿ ಹೆಣ್ಣು-ಗಂಡಿನ ವಿವರ ಹೇಗೆ ಕೊಡಬೇಕೆಂದು ತಿಳಿಸುವ 2016ರ ಸೇಜರ್ ಮಾರ್ಗಸೂಚಿ ಇದೆ. ಗೊಣಗುವವರಿಗೆ ಅಮೆರಿಕದ ಶಸ್ತ್ರಚಿಕಿತ್ಸಕಿ ಮೆಲಿನಾ ಕಿಬ್ಬಿ ಅವರ ತಂಡ 2014ರಲ್ಲಿ ಪ್ರಕಟಿಸಿದ ಲೆಕ್ಕ ತೋರಿಸಿ. ಐದು ಶಸ್ತ್ರಚಿಕಿತ್ಸಾ ಜರ್ನಲ್‌ಗಳ ಪ್ರಾಣಿ ಪ್ರಯೋಗಗಳನ್ನು ಅವರು ಎಣಿಸಿದ್ದರು. ಲಿಂಗ ನಮೂದಿಸಿದ್ದ ಪ್ರಬಂಧಗಳಲ್ಲಿ ಶೇ 80ರಷ್ಟು ಗಂಡು ಪ್ರಾಣಿಗಳನ್ನಷ್ಟೇ ಬಳಸಿದ್ದವು. ಆಮೇಲೆ ಆ ಜರ್ನಲ್‌ಗಳೇ ಲಿಂಗ ನಮೂದಿಸುವುದನ್ನು ಕಡ್ಡಾಯ ಮಾಡಿದವು. ನೀವೂ ಹೋದ ತಕ್ಷಣ ನಿಮ್ಮ ಜರ್ನಲ್‌ನ ಹಳೆಯ ಸಂಚಿಕೆಗಳನ್ನು ಎಣಿಸಿ. ಎಣಿಸಿದ ಪಟ್ಟಿ ಕೈಯಲ್ಲಿದ್ದರೆ ಸಭೆಯಲ್ಲಿ ಗಂಟಲು ಹರಿದುಕೊಳ್ಳಬೇಕಾಗಿಲ್ಲ.

ಧಾರವಾಡ ಮೂಲ, ಲಂಡನ್:
ನಾನಾದರೆ ಬೇಡವೆನ್ನುತ್ತೇನೆ. ಈ ಬಿಟ್ಟಿ ಚಾಕರಿ ಹುಡುಕಿಕೊಂಡು ಬರುವುದು ಹೆಂಗಸರನ್ನು, ಹೊರಗಿನಿಂದ ಬಂದವರನ್ನು. ಆ ಹೊತ್ತಿನಲ್ಲಿ ಜೊತೆಯವರು ಸ್ವಂತ ಸಂಶೋಧನೆ ಬರೆದು ಬಡ್ತಿ ಪಡೆಯುತ್ತಾರೆ. ಹೆಸರಿನ ಪಕ್ಕ ‘ವೈವಿಧ್ಯ’ ಎಂದು ಅಂಟಿದ ಮೇಲೆ ಕರುಳಿನ ಪ್ರಬಂಧಗಳನ್ನು ನನಗೆ ಕಳಿಸುವುದನ್ನೇ ನಿಲ್ಲಿಸಿದರು. ಹೋಗುವುದಾದರೆ ಸಹಾಯಕ ಸಂಪಾದಕಿ ಸ್ಥಾನವನ್ನೂ ಜೊತೆಗೇ ಕೇಳಿ. ಕೊಡದಿದ್ದರೆ ಅಲ್ಲಿಂದಲೇ ಕೈಮುಗಿಯಿರಿ.

ಕಲ್ಯಾಣ ಕರ್ನಾಟಕದ ಒಂದು ವೈದ್ಯಕೀಯ ಕಾಲೇಜಿನಿಂದ:
ಮೇಡಂ, ನಾನು ಪ್ರಬಂಧ ಕಳಿಸಿ ಕಾಯುವ ಪಂಗಡದವನು. ನಮ್ಮ ಹರ್ನಿಯಾ ಪ್ರಬಂಧವನ್ನು ಒಂದು ವಿದೇಶಿ ಜರ್ನಲ್ ‘ರೋಗಿಗಳ ಜನಾಂಗ ತಿಳಿಸಿ’ ಎಂದು ಹಿಂದಿರುಗಿಸಿತು. ಎಲ್ಲರೂ ಏಷ್ಯನ್ನರು ಎಂದು ತುಂಬಿ ಕಳಿಸಿದೆವು. ಅದರಿಂದ ಯಾರಿಗೆ ಏನು ತಿಳಿಯಿತೋ ದೇವರೇ ಬಲ್ಲ! ನಮ್ಮಲ್ಲಿ ವ್ಯತ್ಯಾಸ ಮಾಡುವುದು ಬಿಪಿಎಲ್ ಕಾರ್ಡು, ಆಸ್ಪತ್ರೆಗೆ ಇರುವ ದೂರ, ತಪ್ಪಿಹೋಗುವ ಕೂಲಿ. ಕರುಳು ಸಿಕ್ಕಿಕೊಂಡು ಎರಡು ದಿನ ನರಳಿದ ಮೇಲೆ ಬರುವ ರೋಗಿಗಳು ತಡವಾದದ್ದು ಏಕೆಂದು ಬರೆದಿದ್ದ ಪ್ಯಾರಾವನ್ನು, ಇದು ಸ್ಥಳೀಯ ವಿಚಾರ ಎಂದು ವಿಮರ್ಶಕರು ತೆಗೆಸಿದರು.

ಆಮೇಲೆ ಲೇಖಕರೇ ಕಟ್ಟಬೇಕಾದ ಪ್ರಕಟಣಾ ಶುಲ್ಕ. ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ಮುಕ್ತ ಓದಿನ ಜರ್ನಲ್ ಆದರೆ ಸಾವಿರಾರು ಡಾಲರ್. ಬಡ ದೇಶಗಳಿಗೆ ವಿನಾಯಿತಿ ಕೊಡುವಾಗ ಹಲವು ಪ್ರಕಾಶಕರು ನೋಡುವುದು ರಿಸರ್ಚ್‌ಫಾರ್‌ಲೈಫ್ (ಬಡ ದೇಶಗಳಿಗೆ ಜರ್ನಲ್‌ಗಳನ್ನು ಉಚಿತವಾಗಿ ಅಥವಾ ಅಗ್ಗವಾಗಿ ಒದಗಿಸುವ ಯೋಜನೆ) ಪಟ್ಟಿಯನ್ನು, ಅದರಲ್ಲಿ ಭಾರತವಿಲ್ಲ. 500 ಕೋಟಿ ಜನರಿಗೆ ಸುರಕ್ಷಿತವಾದ, ಕೈಗೆಟುಕುವ ಶಸ್ತ್ರಚಿಕಿತ್ಸೆ ಇಲ್ಲವೆಂದು ಲ್ಯಾನ್ಸೆಟ್ ವೈದ್ಯಕೀಯ ಜರ್ನಲ್ ನೇಮಿಸಿದ ಆಯೋಗ 2015ರಲ್ಲೇ ಹೇಳಿದೆ. ಅವರಿಗೆ ಚಿಕಿತ್ಸೆ ಕೊಡುವ ವೈದ್ಯರು ತಮ್ಮ ಅನುಭವ ಅಚ್ಚಾಗಿಸಲು ಯಾರ ಜೇಬಿಗೆ ಕೈ ಹಾಕಬೇಕು? ನೀವು ಹೋದರೆ ಶುಲ್ಕದ ಪ್ರಶ್ನೆ ಎತ್ತಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಕತ್ತರಿ ಹಿಡಿದವರನ್ನು ವಿಮರ್ಶಕರ ಪಟ್ಟಿಗೆ ಸೇರಿಸಿ. ನಮ್ಮ ರೋಗಿಗಳ ಮಾಹಿತಿ ಒಯ್ದು ನಮ್ಮವರ ಹೆಸರನ್ನು ಕೃತಜ್ಞತೆಯ ಸಾಲಿಗೆ ತಳ್ಳಿದ ಪ್ರಬಂಧ ಕಂಡರೆ ಸುಮ್ಮನಿರಬೇಡಿ.

ಬೆಂಗಳೂರು, ಜರ್ನಲ್‌ಗಳ ಸಂಪಾದಕೀಯ ಕಚೇರಿ ಕೆಲಸ:
ಸೂಚನೆಗಳ ಪುಟವನ್ನು ಲೇಖಕರು ಓದುವುದಿಲ್ಲ. ಏನೇ ನಿಯಮ ತಂದರೂ ಪ್ರಬಂಧ ಸಲ್ಲಿಸುವ ತಂತ್ರಾಂಶದಲ್ಲಿ ಕಡ್ಡಾಯ ಪ್ರಶ್ನೆಯಾಗಿ ಹಾಕಿಸಿ, ಖಾಲಿ ಬಿಟ್ಟರೆ ಮುಂದಕ್ಕೆ ಹೋಗಬಾರದು. ವಿಮರ್ಶಕರಲ್ಲಿ ಹೆಂಗಸರೆಷ್ಟು ಎಂದು ಹೆಸರು ನೋಡಿ ಊಹಿಸುವ ತಂತ್ರಾಂಶ ಕೊಡುತ್ತಾರೆ, ನಂಬಬೇಡಿ. ಕಿರಣ್, ಶಶಿ, ಸುಮನ್ ಬಂದಾಗ ಅದು ಏನು ಹೇಳುತ್ತದೆಂದು ಒಮ್ಮೆ ನೋಡಿ. ನೇರವಾಗಿ ಅವರನ್ನೇ ಕೇಳಿ, ‘ಹೇಳಲು ಇಷ್ಟವಿಲ್ಲ’ ಎಂಬ ಆಯ್ಕೆಯನ್ನೂ ಇಡಿ.